ತಂತಿ ಯಾರದು, ಚಾನೆಲ್ಲು ಯಾರದು?

ಹುಮನಾಬಾದಿನ ಬೇಳೆ ಮಿಲ್ಲೊಂದರಲ್ಲಿ ದುಡಿಯುವ ಗೆಳೆಯರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಚೀಟಿಯನ್ನಿಟ್ಟರು. ಕೇಬಲ್ಲಿನ ರಸೀದಿ. ಅದರ ಮೇಲಿದ್ದುದೆಲ್ಲ ಇಂಗ್ಲಿಷು. ಹೆಸರು ಮಾತ್ರ ತಪ್ಪಾಗಿ ಬರೆದಿತ್ತು. "ಮಾಸ್ತರ್ರೀ, ನಮ್ಮ ಮನ್ಯಾಗ ನೋಡೋದು ನಾಕೇ ಚಾನಲ್. ಡಬ್ಬ್ಯಾಗ ಬರೋದು ಎರಡನೂರಕ್ಕೂ ಜಾಸ್ತಿ. ಉಳಿದಿದ್ದು ಯಾರ ಸಲುವಾಗಿ ರೊಕ್ಕ ಕೊಡ್ಲತ್ತೀವಿ ನಾವು?" ಎಂದು ಕೇಳಿದರು. ಉತ್ತರಕ್ಕಾಗಿ ಕಾಯದೆ ಪಾಳಿಗೆ ಹೊತ್ತಾಯಿತೆಂದು ಹೊರಟೂ ಹೋದರು.

ಅದೇ ವಾರ ಬಸವಕಲ್ಯಾಣದ ಕೇಬಲ್ಲಿನವರೊಬ್ಬರು ಬಂದಿದ್ದರು. ಇಪ್ಪತ್ತು ವರ್ಷದಿಂದ ಕಂಬ ಹತ್ತಿ ಇಳಿದವರು. ಮಳೆಗಾಲದ ರಾತ್ರಿ ತಂತಿ ಹರಿದರೆ ಹನ್ನೊಂದು ಗಂಟೆಗೂ ಬೈಗುಳ ತಿನ್ನುವವರು. ಗಿರಾಕಿಗಳು ಬಿಟ್ಟುಹೋಗುತ್ತಿದ್ದಾರೆ, ಇದ್ದವರು ಕೊಟ್ಟದ್ದರಲ್ಲಿ ಕೈಗೆ ಉಳಿಯುವುದು ಕಂಬದ ಬಾಡಿಗೆಗೂ ಹುಡುಗನ ಸಂಬಳಕ್ಕೂ ಸಾಲದು ಎಂಬುದು ಅವರ ಅಳಲು. ಕೊಡುವವನು ಹೆಚ್ಚು ಕೊಟ್ಟೆನೆನ್ನುತ್ತಾನೆ, ಪಡೆಯುವವನು ಏನೂ ಉಳಿಯಲಿಲ್ಲವೆನ್ನುತ್ತಾನೆ. ಇಬ್ಬರೂ ಸುಳ್ಳಾಡುವ ಜನರಲ್ಲ. ಹಾಗಾದರೆ ನಡುವೆ ಹಣ ಎಲ್ಲಿ ಇಳಿಯಿತು? ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಕಾಲದ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಆದುದರಿಂದ ಈ ವಾರ ಈ ಪುಟದಲ್ಲಿ ಅದೇ ಲೆಕ್ಕವನ್ನು ಮಾಡಿ ನೋಡೋಣವೆಂದಿದ್ದೇವೆ.

ಟಿ.ವಿ. ಎಂಬುದು ಶ್ರೀಮಂತರ ಮೋಜು, ದುಡಿಯುವವರ ಪತ್ರಿಕೆಗೆ ಅದರ ಗೊಡವೆಯೇಕೆ ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲೂ ಇದ್ದಾರೆ. ಅವರಿಗೆ ನಮ್ಮ ವಿನಂತಿ ಇಷ್ಟೆ: ಸಂಜೆ ಏಳರ ಮೇಲೆ ಯಾವುದೇ ಕಾರ್ಮಿಕ ಓಣಿಯಲ್ಲಿ ಒಮ್ಮೆ ನಡೆದು ನೋಡಿ. ಪತ್ರಿಕೆ ಬರುವ ಮನೆ ನೂರಕ್ಕೆ ಎರಡು; ಟಿ.ವಿ. ಉರಿಯದ ಮನೆ ನೂರಕ್ಕೆ ಎರಡು. ದೇಶದ ಸುದ್ದಿಯನ್ನೂ, ಮಾತಾಡುವ ಭಾಷೆಯನ್ನೂ, ಯಾರನ್ನು ನಂಬಬೇಕು ಯಾರನ್ನು ದ್ವೇಷಿಸಬೇಕು ಎಂಬುದನ್ನೂ ಆ ಪೆಟ್ಟಿಗೆಯೇ ಹೇಳಿಕೊಡುತ್ತಿರುವಾಗ ಆ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳದಿರುವುದು ಹೇಗೆ?

ಕಾಯಿದೆಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇವೆ. ತೊಂಬತ್ತರ ದಶಕದಲ್ಲಿ ಮಹಡಿಯ ಮೇಲೊಂದು ದೊಡ್ಡ ಛತ್ರಿಯನ್ನಿಟ್ಟು, ಮನೆಯಿಂದ ಮನೆಗೆ ಕರಿಯ ತಂತಿ ಎಳೆದು, ಊರ ಹುಡುಗರೇ ಈ ದಂಧೆಯನ್ನು ಆರಂಭಿಸಿದರು. ಅದಕ್ಕೆ ಅಂಕೆಯಿರಲೆಂದು ಸಂಸತ್ತು 1995ರಲ್ಲಿ ಕೇಬಲ್ ಟೆಲಿವಿಜನ್ ಜಾಲಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಅದೇ ವರ್ಷ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. ಸರ್ಕಾರವೊಂದೇ ಅದರ ಒಡೆಯನಾಗಬಾರದು, ಹಣವಂತರೂ ಅದನ್ನು ಬಾಚಿಕೊಳ್ಳಬಾರದು ಎಂಬ ಎರಡು ಎಚ್ಚರವೂ ಆ ತೀರ್ಪಿನಲ್ಲಿದ್ದವು. ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಂಡರು. ಎರಡನೆಯದು ಗ್ರಂಥಾಲಯದಲ್ಲಿ ಉಳಿಯಿತು. 2004ರಲ್ಲಿ ದರ ಮತ್ತು ವ್ಯವಹಾರದ ಅಧಿಕಾರವನ್ನು ಟೆಲಿಕಾಂ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಜನರ ಬಾಯಲ್ಲಿರುವ ಟ್ರಾಯ್‌ಗೆ ಕೊಡಲಾಯಿತು. 2011ರಲ್ಲಿ ಕಾಯಿದೆಯನ್ನು ತಿದ್ದಿ ಪ್ರತಿ ಮನೆಗೂ ಡಬ್ಬಿ ಕಡ್ಡಾಯವಾಯಿತು. ಬೆಂಗಳೂರು ಮೈಸೂರುಗಳಿಗೆ 2013ರ ಮಾರ್ಚಿನ ಗಡುವು, ನಮ್ಮಂಥ ಪಟ್ಟಣಗಳಿಗೆ 2015ರ ಕೊನೆ, ಹಳ್ಳಿಗಳಿಗೆ 2017ರ ಮಾರ್ಚ್.

ಡಬ್ಬಿ ಬಂದದ್ದನ್ನು ನಾವು ಪೂರ್ತಿ ಹಳಿಯುವುದಿಲ್ಲ. ಹಿಂದೆ ಐನೂರು ಮನೆಗೆ ತಂತಿ ಎಳೆದು ನೂರು ಮನೆಯ ಲೆಕ್ಕ ತೋರಿಸುವ ಪದ್ಧತಿಯಿತ್ತೆಂಬುದು ಎಲ್ಲರಿಗೂ ತಿಳಿದ ಗುಟ್ಟು. ಆ ಕಳ್ಳ ಲೆಕ್ಕ ನಿಂತಿತು. ಆದರೆ ಡಬ್ಬಿಯ ಜೊತೆಗೆ ಇನ್ನೊಂದು ಬದಲಾವಣೆಯಾಯಿತು, ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಮಹಡಿಯ ಮೇಲಿನ ಛತ್ರಿ ಇಳಿಯಿತು. ಯಾವ ಚಾನೆಲ್ಲು ಬರಬೇಕು, ಯಾವುದು ಯಾವ ಸಂಖ್ಯೆಯಲ್ಲಿ ಬರಬೇಕು ಎಂದು ನಿರ್ಣಯಿಸುವ ಯಂತ್ರ ಊರನ್ನು ಬಿಟ್ಟು ದೊಡ್ಡ ಕೇಬಲ್ ಕಂಪನಿಯ ಕೈಗೆ ಹೋಯಿತು. ಊರಿನ ಕೇಬಲ್ಲಿನವನು ಸ್ವಂತ ದಂಧೆಯವನಾಗಿದ್ದವನು ವಸೂಲಿಯ ಏಜೆಂಟನಾದನು. ಕೈಮಗ್ಗದವನು ಮಿಲ್ಲಿನ ಗೇಟಿಗೆ ಬಂದು ನಿಂತ ಕಥೆ ನಮ್ಮ ಓದುಗರಿಗೆ ಹೊಸದಲ್ಲ.

ಈಗ ಲೆಕ್ಕಕ್ಕೆ ಬರೋಣ. ಟ್ರಾಯ್ 2017ರಲ್ಲಿ ಮಾಡಿ 2019ರ ಫೆಬ್ರುವರಿಯಿಂದ ಮನೆಮನೆಗೆ ತಂದ ಹೊಸ ದರಪದ್ಧತಿಯ ಪ್ರಕಾರ, ತಂತಿಯ ಬಾಡಿಗೆಯೆಂದು 130 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ. ಒಟ್ಟು 153 ರೂಪಾಯಿ 40 ಪೈಸೆ. ಇದಕ್ಕೆ ನೂರು ಚಾನೆಲ್ಲು, 2020ರ ತಿದ್ದುಪಡಿಯ ನಂತರ ಇನ್ನೂರು. ದುಡ್ಡಿನ ಚಾನೆಲ್ಲು ಬೇಕಾದರೆ ಬೇರೆ ಕೊಡಬೇಕು. ಕಂತೆಯಲ್ಲಿ ಸೇರಿಸುವ ಚಾನೆಲ್ಲಿಗೆ 19 ರೂಪಾಯಿ ಮಿತಿಯೆಂದು ಹೇಳಿದ ಕೂಡಲೇ ದೊಡ್ಡ ಚಾನೆಲ್ಲುಗಳಲ್ಲಿ ಹಲವು ಸರಿಯಾಗಿ 19 ರೂಪಾಯಿಯನ್ನೇ ಬರೆದುಕೊಂಡವು. ಮಿತಿ ಎಂದರೆ ಅದಕ್ಕಿಂತ ಕೆಳಗಿರಬೇಕೆಂದು ನಾವು ಮಕ್ಕಳಿಗೆ ಹೇಳುತ್ತಿದ್ದೆವು. ಕಂಪನಿಗಳು ಬೇರೆ ಶಾಲೆಯಲ್ಲಿ ಓದಿರಬೇಕು.

ಒಂದು ಸಂಸಾರ ಕನ್ನಡದ್ದೊಂದು, ಮರಾಠಿಯದೊಂದು, ತೆಲುಗಿನದೊಂದು, ಹೀಗೆ ಮೂರು ಚಾನೆಲ್ಲನ್ನು ಬಿಡಿಯಾಗಿ ಕೊಂಡಿತೆನ್ನೋಣ. ಮೂರು ಹತ್ತೊಂಬತ್ತಲೆ ಐವತ್ತೇಳು, ತೆರಿಗೆ ಸೇರಿ 67 ರೂಪಾಯಿ 26 ಪೈಸೆ. ತಂತಿ ಬಾಡಿಗೆ ಕೂಡಿ ತಿಂಗಳಿಗೆ 220 ರೂಪಾಯಿ 66 ಪೈಸೆ. ಇದರಲ್ಲಿ ಯಾರಿಗೆಷ್ಟು? 19 ರೂಪಾಯಿಯ ಚಾನೆಲ್ಲಿನಲ್ಲಿ ನೂರಕ್ಕೆ ಎಂಬತ್ತು, ಎಂದರೆ 15 ರೂಪಾಯಿ 20 ಪೈಸೆ, ಚಾನೆಲ್ಲಿನ ಒಡೆಯನಿಗೆ. ಉಳಿದ 3 ರೂಪಾಯಿ 80 ಪೈಸೆಯನ್ನು ದೊಡ್ಡ ಕೇಬಲ್ ಕಂಪನಿಯೂ ಊರಿನವನೂ ಬೇರೆ ಒಪ್ಪಂದವಿಲ್ಲದಿದ್ದರೆ 55ಕ್ಕೆ 45ರಂತೆ ಹಂಚಿಕೊಳ್ಳಬೇಕು. ಊರಿನವನಿಗೆ ಬಂದದ್ದು 1 ರೂಪಾಯಿ 71 ಪೈಸೆ. ತಂತಿ ಬಾಡಿಗೆಯ 130ರಲ್ಲಿಯೂ ಅದೇ ಲೆಕ್ಕ: ಕಂಪನಿಗೆ 71 ರೂಪಾಯಿ 50 ಪೈಸೆ, ಕಂಬ ಹತ್ತಿದವನಿಗೆ 58 ರೂಪಾಯಿ 50 ಪೈಸೆ. ನಮ್ಮ ಮಿಲ್ಲಿನ ಗೆಳೆಯರೂ ಬಸವಕಲ್ಯಾಣದ ಕೇಬಲ್ಲಿನವರೂ ಇಬ್ಬರೂ ನಿಜ ಹೇಳಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಿಡಿಯಾಗಿ ಕೊಳ್ಳುವ ಸ್ವಾತಂತ್ರ್ಯ ಇದೆಯಲ್ಲ ಎನ್ನಬಹುದು. ಕಾಗದದ ಮೇಲೆ ಇದೆ. ಅಂಗಡಿಕಾರ ಮಿತ್ರರಿಗೆ ಇದರ ಮರ್ಮ ತಟ್ಟನೆ ತಿಳಿಯುತ್ತದೆ. ಓಡುವ ಮಾಲು ಬೇಕಾದರೆ ಓಡದ ಮಾಲಿನ ಎರಡು ಪೆಟ್ಟಿಗೆಯನ್ನೂ ಎತ್ತು ಎಂದು ಕಂಪನಿಯ ಏಜೆಂಟ ಬಂದು ಅಂಗಡಿಯಲ್ಲಿ ಕೂರುವುದಿಲ್ಲವೆ? ಹಾಗೆಯೇ ಇಲ್ಲಿಯೂ. ಬಿಡಿಯಾಗಿ ಒಂದಕ್ಕೆ 19, ಕಂತೆಯಾಗಿ ಕೊಂಡರೆ ಹತ್ತು ಹದಿನೈದು ಸೇರಿ ಭಾರಿ ಅಗ್ಗ. 2022ರ ನವೆಂಬರಿನ ತಿದ್ದುಪಡಿಯಲ್ಲಿ ಕಂತೆಗೆ ನೂರಕ್ಕೆ 45ರವರೆಗೆ ಸೋಡಿ ಬಿಡಲು ಟ್ರಾಯ್ ಒಪ್ಪಿತು. ಅಲ್ಲಿಗೆ ಜನರು ಬೇಡದ್ದನ್ನೂ ಕೊಳ್ಳುತ್ತಾರೆ; ಯಾರೂ ನೋಡದ ಚಾನೆಲ್ಲೂ ಇಷ್ಟು ಕೋಟಿ ಮನೆಯಲ್ಲಿದೆ ಎಂದು ಜಾಹೀರಾತಿನವರ ಮುಂದೆ ಎದೆಯುಬ್ಬಿಸುತ್ತದೆ. ಕಂತೆಯೇ ಇಲ್ಲದ ಸಣ್ಣ ಚಾನೆಲ್ಲಿನವನು ಮಾತ್ರ ಹೊರಗೆ ನಿಲ್ಲುತ್ತಾನೆ. ಅವನು ಕೇಬಲ್ಲಿನಲ್ಲಿ ತೂರಬೇಕಾದರೆ ತಾನೇ ಕಂಪನಿಗೆ ಸಾಗಣೆ ಶುಲ್ಕ ಕಟ್ಟಬೇಕು: ಪ್ರತಿ ಮನೆಗೆ ತಿಂಗಳಿಗೆ 20 ಪೈಸೆಯವರೆಗೆ. ಪೈಸೆಯ ಮಾತೆಂದು ನಗಬೇಡಿ. ಹತ್ತು ಲಕ್ಷ ಮನೆಗೆ ಗುಣಿಸಿ ನೋಡಿ.

ಇನ್ನು ಈ ದರಕಟ್ಟೂ ಸಡಿಲವಾಗಿದೆ. 2024ರ ಜುಲೈನಲ್ಲಿ ಟ್ರಾಯ್ ತಂತಿ ಬಾಡಿಗೆಯ ಮೇಲಿನ ಮಿತಿಯನ್ನೇ ತೆಗೆದುಹಾಕಿತು. ಮಾರುಕಟ್ಟೆಯಲ್ಲಿ ಈಗ ಸಾಕಷ್ಟು ಸ್ಪರ್ಧೆಯಿದೆ, ಸ್ಪರ್ಧೆಯೇ ದರವನ್ನು ಹಿಡಿದಿಡುತ್ತದೆ ಎಂಬುದು ಇದರ ಹಿಂದಿನ ವಾದ. ಕೇಬಲ್ ಇದೆ, ಮನೆಯ ಮೇಲಿನ ಛತ್ರಿಯಿದೆ, ಫೋನಿದೆ, ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುತ್ತಾರೆ.

ಸ್ಪರ್ಧೆಯೆಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವವರಲ್ಲ. ಎರಡು ಅಂಗಡಿಯಿದ್ದಲ್ಲಿ ತೂಕ ಸರಿಯಾಗುತ್ತದೆಂಬುದನ್ನು ಸಂತೆಗೆ ಹೋದ ಪ್ರತಿ ಹೆಣ್ಣುಮಗಳೂ ಬಲ್ಲಳು. ಆದರೆ ಎರಡು ಅಂಗಡಿಯ ಹಿಂದೆ ಒಬ್ಬನೇ ಸಾವಕಾರನಿದ್ದರೆ? 2018ರ ಅಕ್ಟೋಬರಿನಲ್ಲಿ ರಿಲಯನ್ಸ್ ಸಂಸ್ಥೆ ದೇಶದ ಎರಡು ದೊಡ್ಡ ಕೇಬಲ್ ಕಂಪನಿಗಳಾದ ಡೆನ್ ಮತ್ತು ಹಾಥ್‌ವೇಗಳ ಬಹುಪಾಲನ್ನು ಕೊಳ್ಳುವುದಾಗಿ ಸಾರಿ, ಮುಂದೆ ಕೊಂಡಿತು. ಅದರ ಕೈಯಲ್ಲಿ ದೇಶದ ದೊಡ್ಡ ಫೋನ್ ಕಂಪನಿಗಳಲ್ಲೊಂದು ಮೊದಲೇ ಇತ್ತು. 2024ರ ಆಗಸ್ಟ್ 28ರಂದು ಸ್ಪರ್ಧಾ ಆಯೋಗ ಕೆಲವು ಷರತ್ತುಗಳೊಡನೆ ಒಪ್ಪಿಗೆಯಿತ್ತ ಮೇಲೆ, ಆ ವರ್ಷದ ನವೆಂಬರ್ 14ರಂದು ಅದರ ವಯಾಕಾಂ18 ಮತ್ತು ಡಿಸ್ನಿಯ ಸ್ಟಾರ್ ಒಂದಾದವು. 70,352 ಕೋಟಿ ರೂಪಾಯಿಯ ಸಂಸ್ಥೆ, ನೂರಕ್ಕೂ ಹೆಚ್ಚು ಚಾನೆಲ್ಲು. ಹೀಗೆ ಫೋನೂ ತಂತಿಯೂ ಚಾನೆಲ್ಲೂ ಒಂದೇ ಮನೆತನದ ಕಡೆಗೆ ಬಂದವು. ಕೇಬಲ್ ಬೇಡವೆಂದು ಫೋನಿಗೆ ಹೋದವನು ಒಂದು ಬಾಗಿಲಿನಿಂದ ಹೊರಬಿದ್ದು ಅದೇ ಮನೆಯ ಇನ್ನೊಂದು ಬಾಗಿಲಿಗೆ ಹೋಗಿರಬಹುದು.

ಕನ್ನಡದ ಮಟ್ಟಿಗೆ ಇದರ ಅರ್ಥವೇನು? ನಮ್ಮ ಮನೆಗಳಲ್ಲಿ ಹೆಚ್ಚು ಓಡುವ ಮನರಂಜನೆಯ ಚಾನೆಲ್ಲುಗಳು ನಾಲ್ಕು: ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ. ಕೊನೆಯ ಎರಡೂ ಈಗ ಒಂದೇ ಮನೆಯವು. ಉದಯದ ಒಡೆತನ ಚೆನ್ನೈಯಲ್ಲಿ, ಉಳಿದವುಗಳದು ಮುಂಬಯಿಯಲ್ಲಿ. ಕಲರ್ಸ್ ಕನ್ನಡ ಮೊದಲು ಈಟಿವಿಯಾಗಿದ್ದಾಗ ಹೈದರಾಬಾದಿನದಾಗಿತ್ತು. 2015ರಲ್ಲಿ ಹೆಸರು ಬದಲಾಯಿತು. ಐದು ಕೋಟಿಗೂ ಮೀರಿದ ಜನ ಮಾತಾಡುವ ಭಾಷೆಯ ನಾಲ್ಕು ದೊಡ್ಡ ಚಾನೆಲ್ಲುಗಳಲ್ಲಿ ಒಂದರ ಕೀಲಿಯೂ ಕರ್ನಾಟಕದಲ್ಲಿಲ್ಲ. ಹೊರಗಿನವರೆಂಬ ಕಾರಣಕ್ಕೆ ನಾವು ಯಾರನ್ನೂ ದೂರುವುದಿಲ್ಲ. ಬೆಂಗಳೂರಿನ ಸಾವಕಾರ ಮುಂಬಯಿಯವನಿಗಿಂತ ಮೃದುವಾಗಿರುತ್ತಾನೆಂದು ನಂಬುವಷ್ಟು ನಾವು ಎಳೆಯರಲ್ಲ. ನಾವು ಹೇಳುವುದು, ನಾಲ್ಕು ಸಂಖ್ಯೆ ಒತ್ತಿದರೂ ನಾಲ್ಕು ದನಿ ಕೇಳಿಸದೆಂಬುದನ್ನು. ನಾಲ್ಕರಲ್ಲಿಯೂ ಅದೇ ಅತ್ತೆ, ಅದೇ ಸೊಸೆ, ಅದೇ ಮೈಸೂರು-ಬೆಂಗಳೂರಿನ ಮಾತು. ನಮ್ಮ ಬೀದರಿನ ಮಾತು ಅಲ್ಲಿ ಕೇಳಿಸಿದರೆ ಅದು ನಗಿಸುವವನ ಬಾಯಲ್ಲಿ.

ಸ್ಪರ್ಧೆ ಹೇಗೆ ಹುಟ್ಟಿ ಹೇಗೆ ಸಾಯುತ್ತದೆಂಬುದಕ್ಕೆ ಎಲ್ಲರ ಜೇಬಿನಲ್ಲೂ ಒಂದು ಉದಾಹರಣೆಯಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಫೋನು ಪುಕ್ಕಟೆಯೆಂದು ಬಂದಿತು. ಅನೇಕ ಕಂಪನಿಗಳು ಮುಚ್ಚಿದವು, ಕೆಲವು ಕೂಡಿಕೊಂಡವು. 2024ರ ಜುಲೈನಲ್ಲಿ ಉಳಿದ ಮೂರೂ ದೊಡ್ಡ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವು. ಐ.ಪಿ.ಎಲ್. ಕ್ರಿಕೆಟ್ಟನ್ನು 2023ರಲ್ಲಿ ಫೋನಿನಲ್ಲಿ ಪುಕ್ಕಟೆ ತೋರಿಸಿದರು; ಅದೇ ಆಟಕ್ಕೆ ಕೇಬಲ್ಲಿನವನು ದುಡ್ಡು ವಸೂಲು ಮಾಡಬೇಕಾಗಿತ್ತು. ಎರಡು ವರ್ಷ ಕಳೆದು 2025ರಲ್ಲಿ ಫೋನಿನಲ್ಲಿಯೂ ದುಡ್ಡಿನ ಬಾಗಿಲನ್ನಿಟ್ಟರು. ಅಷ್ಟರಲ್ಲಿ ಕೇಬಲ್ ಬಿಟ್ಟವರು ಬಿಟ್ಟಾಗಿತ್ತು. ಛತ್ರಿಯ ಡಿಟಿಎಚ್ ಕಂಪನಿಗಳೂ ಉಳಿದಿಲ್ಲ: 2021ರ ಮಾರ್ಚಿನಲ್ಲಿ ಏಳು ಕೋಟಿಯ ಸಮೀಪವಿದ್ದ ಅವರ ಚಂದಾದಾರರು 2025ರ ಮಾರ್ಚಿಗೆ ಆರು ಕೋಟಿಗಿಂತ ಕೆಳಗಿಳಿದರು.

ಸ್ಪರ್ಧಾ ಆಯೋಗವಿದೆಯಲ್ಲ, ಅನ್ಯಾಯವಾದರೆ ದೂರು ಕೊಡಬಹುದಲ್ಲ ಎಂಬ ಮಾತೂ ಇದೆ. ಪಂಜಾಬಿನ ಫಾಸ್ಟ್‌ವೇ ಎಂಬ ಕೇಬಲ್ ಸಂಸ್ಥೆ ಒಂದು ಸುದ್ದಿ ಚಾನೆಲ್ಲಿಗೆ ತನ್ನ ತಂತಿಯನ್ನು ನಿರಾಕರಿಸಿತೆಂದು ಆಯೋಗ 2012ರಲ್ಲಿ ಸುಮಾರು 8 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನಡೆಯಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅನ್ಯಾಯ ನಡೆದದ್ದು ನಿಜವೆಂದಿತು, ದಂಡವನ್ನು ಮಾತ್ರ ತೆಗೆದುಹಾಕಿತು. ಆರು ವರ್ಷ! ಆರು ವರ್ಷ ಬಾಗಿಲು ಮುಚ್ಚಿದ ಅಂಗಡಿಗೆ ಏಳನೆಯ ವರ್ಷ ನ್ಯಾಯ ಸಿಕ್ಕಿದರೆ ಗಿರಾಕಿ ಬರುತ್ತಾನೆಯೆ? ಒಬ್ಬನೇ ಕಂಪನಿ ಒಂದು ರಾಜ್ಯದ ಕೇಬಲ್ಲನ್ನೆಲ್ಲ ಹಿಡಿಯದಂತೆ ಮಿತಿ ಬೇಕೆಂದು ಟ್ರಾಯ್ 2013ರಲ್ಲಿಯೇ ಶಿಫಾರಸು ಮಾಡಿತ್ತು. ಪತ್ರಿಕೆ, ಟಿ.ವಿ., ತಂತಿ ಎಲ್ಲವೂ ಒಂದೇ ಕೈಗೆ ಬೀಳಬಾರದೆಂದು 2014ರಲ್ಲಿ ಬೇರೊಂದು ಶಿಫಾರಸು. ಆಗಿನ ಸರ್ಕಾರ ಹೋಯಿತು, ಇನ್ನೊಂದು ಬಂತು, ಶಿಫಾರಸು ಕಪಾಟಿನಲ್ಲಿದೆ. 2023ರ ನವೆಂಬರಿನಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಹೊರಬಿತ್ತು. ಅದರ ಕಣ್ಣು ಬಿದ್ದದ್ದು ಯೂಟ್ಯೂಬಿನಲ್ಲಿ ಮಾತಾಡುವ ಒಂಟಿ ಹುಡುಗರ ಮೇಲೆ. ಗದ್ದಲವಾಗಿ 2024ರ ಆಗಸ್ಟಿನಲ್ಲಿ ಮುಂದಿನ ಕರಡನ್ನು ಹಿಂದಕ್ಕೆ ಪಡೆದರು.

ಹಾಗಾದರೆ ಸರ್ಕಾರವೇ ತಂತಿಯನ್ನು ವಹಿಸಿಕೊಳ್ಳಲಿ ಎಂಬ ಗೆಳೆಯರು ನಮ್ಮ ಪಕ್ಷದಲ್ಲೇ ಇದ್ದಾರೆ. ತಮಿಳುನಾಡು 2007ರಲ್ಲಿ ಅರಸು ಕೇಬಲ್ ನಿಗಮವನ್ನು ಕಟ್ಟಿತು. 2011ರಲ್ಲಿ ಮತ್ತೆ ಚಾಲನೆ ಕೊಟ್ಟು ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಟ್ಟಿತು. ಎಪ್ಪತ್ತು ರೂಪಾಯಿ ಯಾರಿಗೆ ಬೇಡ? ಆದರೂ ನಾವು ಅಳುಕುತ್ತೇವೆ, ಅದನ್ನು ಮುಚ್ಚಿಡುವುದಿಲ್ಲ. 2024ರ ಜೂನಿನಲ್ಲಿ ಆಂಧ್ರದಲ್ಲಿ ಸರ್ಕಾರ ಬದಲಾದ ಕೆಲವೇ ದಿನಗಳಲ್ಲಿ ಹಳೆಯ ಸರ್ಕಾರಕ್ಕೆ ಬೇಕಾದವು ಎನ್ನಲಾದ ಚಾನೆಲ್ಲುಗಳು ಕೇಬಲ್ಲಿನಿಂದ ಮಾಯವಾದವು. ದಿಲ್ಲಿಯ ಹೈಕೋರ್ಟು ಹೇಳಬೇಕಾಯಿತು. ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಪವರ್ ಟಿ.ವಿ.ಯ ಪ್ರಸಾರ ಪರವಾನಗಿಯ ಕಾರಣದಿಂದ ನಿಂತಿತು. ಜುಲೈ 12ರಂದು ಸುಪ್ರೀಂ ಕೋರ್ಟು ಇದರಲ್ಲಿ ರಾಜಕೀಯ ಸೇಡು ಕಾಣುತ್ತದೆಂದು ಹೇಳಿ ತಡೆ ಕೊಟ್ಟಿತು. ಆ ಚಾನೆಲ್ಲಿನ ರೀತಿನೀತಿ ನಮಗೆ ಹಿಡಿಸುತ್ತದೆಯೆ ಇಲ್ಲವೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಗುಂಡಿ ಒಬ್ಬ ಮಂತ್ರಿಯ ಕೈಯಲ್ಲಿದ್ದರೆ ಇಂದು ಅವರ ಚಾನೆಲ್ಲು, ನಾಳೆ ನಮ್ಮ ಮಾತು.

ಬೇರೆಯವರನ್ನು ದೂರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 2012ರ ಮೇ ತಿಂಗಳಲ್ಲಿ ನಟ ಆಮಿರ್ ಖಾನರ ಸತ್ಯಮೇವ ಜಯತೆ ಕಾರ್ಯಕ್ರಮ ಹೆಣ್ಣು ಭ್ರೂಣಹತ್ಯೆಯ ಮಾತಿನಿಂದ ಆರಂಭವಾಯಿತು. ತೆಲುಗಿನಲ್ಲಿ, ತಮಿಳಿನಲ್ಲಿ, ಮಲಯಾಳಂನಲ್ಲಿ, ಮರಾಠಿಯಲ್ಲಿ ಅದು ಮಾತಾಡಿತು. ಕನ್ನಡದಲ್ಲಿ ಮಾತಾಡಲಿಲ್ಲ, ಡಬ್ಬಿಂಗ್ ಕೂಡದೆಂದು ಚಿತ್ರರಂಗದವರು ತಡೆದರು. ನಮ್ಮ ಗಡಿ ತಾಲ್ಲೂಕಿನ ತಾಯಂದಿರಲ್ಲಿ ಅನೇಕರು ಅದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ನೋಡಿ ಕಣ್ಣೊರೆಸಿಕೊಂಡರು. ಕನ್ನಡವನ್ನು ಉಳಿಸಿದ ರೀತಿಯೆ ಇದು? 1960ರ ದಶಕದಲ್ಲಿ ಅನಕೃ ಮೊದಲಾದವರು ಡಬ್ಬಿಂಗನ್ನು ವಿರೋಧಿಸಿದಾಗ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಹಂಗಿನಲ್ಲಿದ್ದವು, ಆಗ ಅದಕ್ಕೆ ಅರ್ಥವಿತ್ತು. ಐವತ್ತು ವರ್ಷದ ಮೇಲೆ ಅದೇ ಮಾತು ಕೆಲವರ ಹೊಟ್ಟೆಪಾಡಿನ ಬೇಲಿಯಾಗಿತ್ತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ವಾಣಿಜ್ಯ ಮಂಡಳಿಗೂ ಅದರೊಡನಿದ್ದ ಸಂಘಗಳಿಗೂ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಕನ್ನಡದಲ್ಲಿ ಮಾತಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೆವರು ಸುರಿಸುವ ಕಲಾವಿದರಿಗೆ ಕೆಲಸ ಬೇಕೆಂಬುದರಲ್ಲಿ ನಾವು ಅವರ ಜೊತೆಗಿದ್ದೇವೆ. ಆದರೆ ನೋಡುವವನ ಕಣ್ಣು ಕಟ್ಟಿ ಅದನ್ನು ಗಳಿಸಬಾರದು.

ಈಗ ನಮ್ಮ ಊರುಗಳ ವಿಶೇಷ ಸಂಕಟಕ್ಕೆ ಬರುತ್ತೇವೆ. ಅನುಭವ ಮಂಟಪದ ಹೆಸರೆತ್ತದೆ ಬಸವಕಲ್ಯಾಣದಲ್ಲಿ ಭಾಷಣ ಮುಗಿಸಿದ ಮಂತ್ರಿ ಇಲ್ಲ. ಆ ಕಲ್ಯಾಣದ ಒಂದು ಓಣಿಯಲ್ಲಿ ಇಂದಿಗೂ ಅಜ್ಜಿ ಮರಾಠಿ, ಸೊಸೆ ಕನ್ನಡ, ಪಕ್ಕದ ಮನೆ ಉರ್ದು, ಹೈದರಾಬಾದಿಗೆ ಲಾರಿ ಹೊಡೆಯುವ ಮಗನಿಗೆ ತೆಲುಗು. ಹಳೆಯ ಕೇಬಲ್ಲಿನವನಿಗೆ ಇದು ಗೊತ್ತಿತ್ತು. ಯಾವ ಮನೆಯಲ್ಲಿ ಯಾವ ಭಾಷೆಯ ಪದ ಕೇಳುತ್ತದೆಂದು ಬಲ್ಲವನಾದ್ದರಿಂದ ಅವನು ಎಲ್ಲವನ್ನೂ ಒಂದೇ ತಂತಿಯಲ್ಲಿ ಬಿಟ್ಟಿದ್ದ. ಈಗಿನ ಕಂತೆಯನ್ನು ಕಟ್ಟುವವರು ನಕಾಶೆ ನೋಡಿ ಕಟ್ಟುತ್ತಾರೆ: ಕರ್ನಾಟಕವೆಂದರೆ ಕನ್ನಡದ ಕಂತೆ, ಗಡಿ ದಾಟಿದರೆ ಮರಾಠಿಯ ಕಂತೆ. ಎರಡೂ ಬೇಕಾದ ಬಡವ ಎರಡು ಕಂತೆಗೆ ದುಡ್ಡು ತೆರಬೇಕು, ಇಲ್ಲವೆ ಅಜ್ಜಿ ಸುಮ್ಮನಿರಬೇಕು. ಆದುದರಿಂದ ಎಷ್ಟೋ ಮನೆಯವರು ದೂರದರ್ಶನದ ಪುಕ್ಕಟೆ ಛತ್ರಿಯನ್ನು ಹಾಕಿಸಿಕೊಂಡಿದ್ದಾರೆ. ಅದರಲ್ಲಿ ತಿಂಗಳ ಬಾಡಿಗೆಯಿಲ್ಲ, ಅದೊಂದು ಉಪಕಾರ. ಆದರೆ ಅದರಲ್ಲಿ ತುಂಬಿರುವುದು ಹೆಚ್ಚಾಗಿ ಹಿಂದಿ. ದುಡ್ಡಿಲ್ಲದವನ ಮನೆಯ ಭಾಷೆ ಹೀಗೆ ದುಡ್ಡಿಲ್ಲದ ಕಾರಣಕ್ಕೇ ಬದಲಾಗುತ್ತಿದೆ.

ದೂರದರ್ಶನದ ಮಾತು ಬಂದುದರಿಂದ ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇವೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ಸೈಟ್ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ. ಗುಲಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳನ್ನು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಟಿ.ವಿ. ಎಂಬುದನ್ನು ಕನ್ನಡ ನಾಡಿನಲ್ಲಿ ಮೊದಲು ಕಂಡವರು ನಮ್ಮ ಸೀಮೆಯ ಒಕ್ಕಲಿಗರು, ಪಂಚಾಯಿತಿ ಕಟ್ಟೆಯ ಮುಂದೆ ಕೂತು, ಬಿತ್ತನೆ ಬೀಜದ ಮಾತು ಕೇಳುತ್ತಾ! 2021ರ ಅಕ್ಟೋಬರಿನಲ್ಲಿ ಹಳೆಯ ಪ್ರಸಾರ ಸ್ತಂಭಗಳನ್ನು ನಿಲ್ಲಿಸುವಾಗ ಕಲಬುರಗಿ ಕೇಂದ್ರವೇ ಮುಚ್ಚುತ್ತದೆಂಬ ಆತಂಕ ಎದ್ದಿತು. ಕೇಂದ್ರ ಉಳಿಯುತ್ತದೆ, ಚಂದನಕ್ಕೂ ಯೂಟ್ಯೂಬಿಗೂ ಕಾರ್ಯಕ್ರಮ ಮಾಡಿಕೊಡುತ್ತದೆ ಎಂದು ಪ್ರಸಾರ ಭಾರತಿ ಆಗ ಹೇಳಿತು. ಮಾಡಿಕೊಡಲಿ, ಸಂತೋಷ. ಆದರೆ ಆರೇಳು ಜಿಲ್ಲೆಯ ಜನರಿಗೆ ಬೆಂಗಳೂರಿನ ಚಾನೆಲ್ಲಿನಲ್ಲಿ ಒಂದು ತುಣುಕು ಸಾಲದು. ಕಾಯಿದೆಯ 8ನೆಯ ಕಲಮಿನ ಪ್ರಕಾರ ದೂರದರ್ಶನದ ಚಾನೆಲ್ಲುಗಳನ್ನು ಪ್ರತಿ ಕೇಬಲ್ಲಿನವನೂ ಕಡ್ಡಾಯವಾಗಿ ಕೊಡಬೇಕು. ಆ ಕಡ್ಡಾಯದ ತಂತಿಯಲ್ಲಿ ಕಲಬುರಗಿಯಿಂದಲೇ ದಿನಕ್ಕೆ ನಾಲ್ಕು ಗಂಟೆ, ನಮ್ಮ ಕನ್ನಡದಲ್ಲಿ, ನಡುವೆ ಮರಾಠಿಗೂ ಉರ್ದುವಿಗೂ ತೆಲುಗಿಗೂ ಎಡೆಯಿಟ್ಟು ಪ್ರಸಾರ ಮಾಡಿದರೆ ಯಾವ ಕಂಪನಿಯ ಕಂತೆಯೂ ಬೇಕಿಲ್ಲ. ತೊಗರಿಯ ಪೇಟೆ ಧಾರಣೆಯನ್ನು ಯಾವ ಖಾಸಗಿ ಚಾನೆಲ್ಲು ಹೇಳುತ್ತದೆ? ಸಕ್ಕರೆ ಕಾರ್ಖಾನೆ ಕಬ್ಬಿನ ಬಾಕಿ ಕೊಟ್ಟಿಲ್ಲವೆಂಬ ಸುದ್ದಿಯನ್ನು ಯಾವುದು ಎರಡನೆಯ ದಿನವೂ ಹೇಳುತ್ತದೆ?

ಕೇಬಲ್ಲಿನ ಮಿತ್ರರಿಗೂ ಎರಡು ಕಟುಮಾತು. ಒಂದು ಓಣಿಗೆ ಒಬ್ಬನೇ ಎಂದು ನೀವು ನಿಮ್ಮೊಳಗೆ ಗಡಿ ಹಾಕಿಕೊಂಡಿರುವುದು ಜನರಿಗೆ ಗೊತ್ತಿದೆ. ದೊಡ್ಡವನು ಮಾಡಿದರೆ ಏಕಸ್ವಾಮ್ಯ, ನೀವು ಮಾಡಿದರೆ ಹೊಂದಾಣಿಕೆಯೆ? ಚುನಾವಣೆ ಬಂದಾಗ ಊರಿನ ಚಾನೆಲ್ಲಿನಲ್ಲಿ ಒಬ್ಬನೇ ಉಮೇದುವಾರನ ಮುಖ ಹಗಲಿರುಳು ತೇಲುವುದನ್ನೂ ಕಂಡಿದ್ದೇವೆ. ರಸೀದಿ ಕೊಡದೆ ವಸೂಲು ಮಾಡುವವರು ನಿಮ್ಮಲ್ಲಿ ಈಗಲೂ ಇದ್ದಾರೆ. ಇಷ್ಟು ಹೇಳಿಯೂ ನಾವು ನಿಮ್ಮ ಪಕ್ಷದಲ್ಲಿಯೇ ನಿಲ್ಲುತ್ತೇವೆ, ಏಕೆಂದರೆ ಜಗಳವಾಡಲು ಸಿಗುವ ಮನುಷ್ಯ ನೀವೊಬ್ಬರೇ. ದೊಡ್ಡ ಕಂಪನಿಯ ಬಾಗಿಲು ಬಡಿದರೆ ಯಂತ್ರ ಮಾತಾಡುತ್ತದೆ.

2019ರ ಜನವರಿಯಲ್ಲಿ ನೀವು ದಕ್ಷಿಣದ ರಾಜ್ಯಗಳವರೊಡನೆ ಒಂದು ದಿನ ತಂತಿ ನಿಲ್ಲಿಸಿ ಪ್ರತಿಭಟಿಸಿದಿರಿ. 2023ರ ಫೆಬ್ರುವರಿಯಲ್ಲಿ ಹೊಸ ಕರಾರಿಗೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ಚಾನೆಲ್ಲಿನವರು ಕೆಲವು ದಿನ ಪ್ರಸಾರವನ್ನೇ ಕಡಿದರು, ಕಂಪನಿಗಳು ಸಹಿ ಹಾಕಿದವು. ಯಾರ ಮುಷ್ಕರ ಗೆಲ್ಲುತ್ತದೆ, ಯಾರದು ಸೋಲುತ್ತದೆ ಎಂಬುದನ್ನು ಕಾರ್ಮಿಕ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. 2025ರ ಜನವರಿಯಿಂದ ನಿಮ್ಮ ನೋಂದಣಿಯೂ ಅಂಚೆ ಕಚೇರಿಯಿಂದ ದಿಲ್ಲಿಯ ಗಣಕಯಂತ್ರಕ್ಕೆ ಹೋಯಿತು. ಅಲ್ಲಿ ಐದು ವರ್ಷಕ್ಕೊಮ್ಮೆ 5,000 ರೂಪಾಯಿ. ಒಬ್ಬೊಬ್ಬರೇ ಎಷ್ಟು ದಿನ ಕಟ್ಟುತ್ತೀರಿ? ಕೇರಳದಲ್ಲಿ ನಿಮ್ಮಂಥ ಸಣ್ಣ ಕೇಬಲ್ಲಿನವರೇ ಕೂಡಿ ಕೇರಳವಿಷನ್ ಎಂಬ ತಮ್ಮದೇ ಕಂಪನಿಯನ್ನು ಕಟ್ಟಿದ್ದಾರೆ. ಯಂತ್ರವೂ ತಮ್ಮದು, ತಂತಿಯೂ ತಮ್ಮದು. ಅದರ ಮೇಲೆಯೇ ಇಂಟರ್ನೆಟ್ಟನ್ನೂ ಕೊಡುತ್ತಿದ್ದಾರೆ. ರಾಜ್ಯದ ದೊಡ್ಡ ಕೇಬಲ್ ಜಾಲಗಳಲ್ಲಿ ಅದೊಂದು. ಬೀದರ, ಕಲಬುರಗಿ, ಯಾದಗಿರಿಯ ಕೇಬಲ್ಲಿನವರು ಕೂಡಿದರೆ ನಮ್ಮಲ್ಲಿ ಏಕಾಗದು? ಸಹಕಾರಿ ಸಂಘವೆಂದ ಕೂಡಲೇ ನಮ್ಮ ಜಿಲ್ಲೆಯವರು ನಿಂತುಹೋದ ಕಾರ್ಖಾನೆಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ, ಅದನ್ನೂ ಬಲ್ಲೆವು. ಆ ಸಂಘಗಳಲ್ಲಿ ಶೇರು ರೈತನದು, ಕುರ್ಚಿ ಮುಖಂಡನದು ಆಗಿತ್ತು. ಕಂಬ ಹತ್ತುವವನೇ ಕುರ್ಚಿಯಲ್ಲೂ ಕೂರುವ ಸಂಘವನ್ನು ಇನ್ನೂ ಯಾರೂ ಇಲ್ಲಿ ಮಾಡಿ ನೋಡಿಲ್ಲ.

ಕೇಂದ್ರ ಸರ್ಕಾರದ ಮುಂದೆ ನಮ್ಮ ಬೇಡಿಕೆ ಕಪಾಟಿನಲ್ಲಿರುವ 2013 ಮತ್ತು 2014ರ ಶಿಫಾರಸುಗಳನ್ನು ಕಾಯಿದೆ ಮಾಡಿರೆಂಬುದು: ಚಾನೆಲ್ಲು ನಡೆಸುವವನ ಕೈಗೆ ತಂತಿ ಹೋಗಬಾರದು. ಟ್ರಾಯ್‌ಗೆ ನಮ್ಮ ಬೇಡಿಕೆ, ತಂತಿ ಬಾಡಿಗೆಯ ಮಿತಿಯನ್ನು ಮತ್ತೆ ತನ್ನಿರಿ, ಗಡಿ ತಾಲ್ಲೂಕುಗಳಿಗೆ ನೆರೆಯ ಭಾಷೆಗಳನ್ನೂ ಸೇರಿಸಿದ ಒಂದೇ ಅಗ್ಗದ ಕಂತೆಯನ್ನು ಕಡ್ಡಾಯ ಮಾಡಿರಿ, ರಸೀದಿ ಕನ್ನಡದಲ್ಲಿರಲಿ ಎಂಬುದು. ರಾಜ್ಯ ಸರ್ಕಾರ ಕೇಬಲ್ಲನ್ನು ತಾನೇ ನಡೆಸುವ ಆಸೆಗೆ ಬೀಳದೆ, ಕಂಬದ ಬಾಡಿಗೆಯಲ್ಲಿ ಸಣ್ಣವರ ಸಂಘಕ್ಕೆ ರಿಯಾಯಿತಿ ಕೊಟ್ಟರೆ ಸಾಕು.

ಓದುಗರಲ್ಲಿ ಒಂದು ಕೋರಿಕೆ. ಹುಮನಾಬಾದಿನವರೂ ಬಸವಕಲ್ಯಾಣದವರೂ ನಿಮ್ಮ ಮನೆಯ ಈ ತಿಂಗಳ ಕೇಬಲ್ ರಸೀದಿಯನ್ನು, ರಸೀದಿ ಕೊಡದಿದ್ದರೆ ಕೊಟ್ಟ ಮೊತ್ತವನ್ನು ಒಂದು ಚೀಟಿಯ ಮೇಲೆ ಬರೆದು, ನೀವು ನಿಜವಾಗಿ ನೋಡುವ ಚಾನೆಲ್ಲುಗಳ ಹೆಸರುಗಳೊಡನೆ ನಮ್ಮ ಕಚೇರಿಗೆ ಕಳಿಸಿ. ಭಾನುವಾರ ಬೆಳಿಗ್ಗೆ ಹತ್ತರಿಂದ ನಾವು ಇಲ್ಲಿಯೇ ಇರುತ್ತೇವೆ. ಐನೂರು ಚೀಟಿ ಸೇರಿದ ದಿನ ಅವನ್ನು ಕಟ್ಟಿಕೊಂಡು ಜಿಲ್ಲಾಧಿಕಾರಿಗಳ ಬಳಿಗೂ, ಅಲ್ಲಿಂದ ಟ್ರಾಯ್‌ನ ಬೆಂಗಳೂರು ಕಚೇರಿಗೂ ಹೋಗುವುದೆಂದು ನಿಶ್ಚಯಿಸಿದ್ದೇವೆ. ಬೇಳೆ ಮಿಲ್ಲಿನ ಗೆಳೆಯರ ಚೀಟಿ ಮೊದಲನೆಯದು. ಅದು ನಮ್ಮ ಮೇಜಿನ ಮೇಲೆ ಇನ್ನೂ ಇದೆ.